ಸುರಪುರ ಗೆಲ್ಲಿಸಿಕೊಟ್ಟ ಕನ್ನಡ ಪಕ್ಷ ಎಲ್ಲಿ ಹೋಯಿತು?

ಕನ್ನಡ ನಾಡಿಗೆ ಕನ್ನಡದ್ದೇ ಒಂದು ಪಕ್ಷ ಬೇಕು. ಪ್ರತಿ ನವೆಂಬರ್‌ನಲ್ಲೂ ಈ ಮಾತು ಕೇಳುತ್ತೇವೆ. ಶಾಲು ಹೊದ್ದವರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಡಿಸೆಂಬರ್ ಹೊತ್ತಿಗೆ ಎಲ್ಲರೂ ಮರೆಯುತ್ತೇವೆ. ತಮಿಳರಿಗೆ ಡಿಎಂಕೆ ಇದೆ, 1982ರಲ್ಲಿ ಹುಟ್ಟಿದ ತೆಲುಗುದೇಶಂ ಮರುವರ್ಷವೇ ಹೈದರಾಬಾದಿನ ಗದ್ದುಗೆ ಹತ್ತಿತು, ನಮ್ಮ ಜನಕ್ಕೆ ಮಾತ್ರ ಅಭಿಮಾನವಿಲ್ಲ ಎಂಬ ಹಳೇ ರಾಗ ಬೇರೆ. ಜನರನ್ನು ಬೈಯುವುದು ಸುಲಭ. ಆದರೆ ಕನ್ನಡದ ಹೆಸರು ಹೊತ್ತ ಪಕ್ಷಕ್ಕೆ ಓಟು ಒತ್ತಿ ಗೆಲ್ಲಿಸಿದ ಜನವೂ ಈ ರಾಜ್ಯದಲ್ಲಿದ್ದಾರೆ. ಅವರಿಗೆ ನಾವು ಏನು ಕೊಟ್ಟೆವು?

2004ರ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಯಾರಿಗೂ ಬಹುಮತವಿಲ್ಲ. ಈ ಗದ್ದಲದ ನಡುವೆ ಯಾರ ಕಣ್ಣಿಗೂ ಬೀಳದ ಎರಡು ಅಂಕಿಗಳಿದ್ದವು. ಚಾಮರಾಜನಗರದಿಂದ ಕನ್ನಡ ಚಳವಳಿ ವಾಟಾಳ್ ಪಕ್ಷಕ್ಕೆ 1. ಸುರಪುರದಿಂದ ಕನ್ನಡ ನಾಡು ಪಕ್ಷಕ್ಕೆ 1. ರಾಜ್ಯದ ಈ ತುದಿಗೊಬ್ಬ, ಆ ತುದಿಗೊಬ್ಬ! ವಾಟಾಳ್ ನಾಗರಾಜರ ಕಥೆ ನಿಮಗೆಲ್ಲ ಗೊತ್ತು. ಸುರಪುರದ ಕಥೆಯನ್ನು ಬೆಂಗಳೂರಿನ ಎಷ್ಟು ಕನ್ನಡ ಸಂಘದವರು ಬಲ್ಲರು?

ಧಾರವಾಡ ಉತ್ತರದಿಂದ ಮೂರು ಸಲ ಲೋಕಸಭೆಗೆ ಹೋಗಿದ್ದ ವಿಜಯ ಸಂಕೇಶ್ವರರು ಬಿಜೆಪಿಯಿಂದ ಹೊರಬಂದು ಕಟ್ಟಿದ್ದು ಕನ್ನಡ ನಾಡು ಪಕ್ಷ. ಕೈಯಲ್ಲಿ ಪತ್ರಿಕೆ ಇತ್ತು, ಲಾರಿಗಳಿದ್ದವು, ಹಣವಿತ್ತು. ಫಲಿತಾಂಶ ಬಂದಾಗ ಕೈಗೆ ಸಿಕ್ಕಿದ್ದು ಒಂದೇ ಒಂದು ಸೀಟು. ಅದನ್ನು ಗೆದ್ದುಕೊಟ್ಟವರು ನರಸಿಂಹ ನಾಯಕ, ಊರವರ ಬಾಯಲ್ಲಿ ರಾಜುಗೌಡ. ಅವರು ಸೋಲಿಸಿದ್ದು ಸಾಮಾನ್ಯರನ್ನಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಸುರಪುರ ಸಂಸ್ಥಾನದ ಮನೆತನಕ್ಕೆ ಸೇರಿದ, ಎರಡು ಸಲ ಶಾಸಕರಾಗಿದ್ದ ರಾಜಾ ವೆಂಕಟಪ್ಪ ನಾಯಕರನ್ನು!

ಆಮೇಲೇನಾಯಿತು? 2008ರ ಚುನಾವಣೆ ಬರುವಷ್ಟರಲ್ಲಿ ರಾಜುಗೌಡರ ಕೈಯಲ್ಲಿ ಬಿಜೆಪಿ ಬಿ ಫಾರಂ ಇತ್ತು. ಗೆದ್ದರು, ಮಂತ್ರಿಯೂ ಆದರು. 2013ರಲ್ಲಿ ವೆಂಕಟಪ್ಪ ನಾಯಕರೆದುರು ಸೋತರು. 2018ರಲ್ಲಿ ಮತ್ತೆ ಗೆದ್ದರು, 2023ರಲ್ಲಿ ಮತ್ತೆ ಅವರೆದುರೇ ಸೋತರು. ವೆಂಕಟಪ್ಪ ನಾಯಕರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಮೇ 7ರ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ ಕಾಂಗ್ರೆಸ್‌ನಿಂದ ನಿಂತು ರಾಜುಗೌಡರನ್ನು ಸೋಲಿಸಿದರು. ಇಪ್ಪತ್ತು ವರ್ಷ ಎರಡೇ ಪಾಳೆಯ. ಕನ್ನಡ ನಾಡು ಪಕ್ಷ ಎಂಬುದೊಂದು ಇತ್ತು ಎನ್ನುವುದಕ್ಕೆ ಚುನಾವಣಾ ಆಯೋಗದ ಪುಸ್ತಕ ಬಿಟ್ಟರೆ ಬೇರೆ ಗುರುತಿಲ್ಲ.

ರಾಜುಗೌಡರನ್ನು ಪಕ್ಷಾಂತರಿ ಎಂದು ಬೈದು ಕೈ ತೊಳೆದುಕೊಳ್ಳಬಹುದು. ನಾನು ಬೈಯುವುದಿಲ್ಲ. ಕಟ್ಟಿದವರೇ ಕೈಬಿಟ್ಟ ಮನೆಯಲ್ಲಿ ಬಾಡಿಗೆದಾರ ಎಷ್ಟು ದಿನ ಇರುತ್ತಾನೆ? ಅದೂ ಅಲ್ಲದೆ, ಗೆದ್ದಿದ್ದು ಆ ಯುವಕನ ಸ್ವಂತ ತಾಕತ್ತು, ಪಕ್ಷದ ಹೆಸರಲ್ಲ. ಹೆಸರೇ ಗೆದ್ದಿದ್ದರೆ ಪಕ್ಕದ ಶಹಾಪುರವನ್ನೂ ಯಾದಗಿರಿಯನ್ನೂ ಗೆಲ್ಲಬೇಕಿತ್ತಲ್ಲ!

ಈ ಸೀಮೆಗೆ ಇದು ಹೊಸತೂ ಅಲ್ಲ. ವೆಂಕಟಪ್ಪ ನಾಯಕರು ಮೊದಲ ಸಲ ಗೆದ್ದದ್ದು 1994ರಲ್ಲಿ, ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ. 1999ರ ಹೊತ್ತಿಗೆ ಅವರು ಕಾಂಗ್ರೆಸ್. 2013ರಲ್ಲಿ ಶಹಾಪುರದ ಗುರು ಪಾಟೀಲ ಶಿರವಾಳರು ಗೆದ್ದದ್ದು ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷದಿಂದ. ವರ್ಷ ತುಂಬುವುದರೊಳಗೆ ಆ ಪಕ್ಷ ಬಿಜೆಪಿಯಲ್ಲಿ ಕರಗಿತು. ಮೂರು ಸಲ ಮೂರು ನಾಯಕರು ದಿಲ್ಲಿಯ ಮೇಲೆ ಮುನಿಸಿಕೊಂಡು ಕರ್ನಾಟಕದ ಹೆಸರು ಎತ್ತಿಕೊಂಡರು. ಮುನಿಸು ತೀರಿತು, ಹೆಸರು ಬಿತ್ತು. 2023ರಲ್ಲಿ ಗಂಗಾವತಿಯಿಂದ ಗೆದ್ದ ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವೂ 2024ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿಯಿತು. ಕನ್ನಡದ ಹೆಸರು ಇವರಿಗೆಲ್ಲ ಬಸ್ ನಿಲ್ದಾಣ. ಬಸ್ ಬರುವವರೆಗೆ ನೆರಳು ಬೇಕು, ಅಷ್ಟೇ.

ಅಲ್ಲಿನ ಮತದಾರ ದಡ್ಡನೇ? ಅವನಿಗೆ ಕನ್ನಡ ಬೇಡವೇ? ಆದ್ಯ ವಚನಕಾರನೆಂದು ನಾವು ಕೊಂಡಾಡುವ ದೇವರ ದಾಸಿಮಯ್ಯನ ಮುದನೂರು ಇರುವುದು ಸುರಪುರದ ಸೀಮೆಯಲ್ಲಿ. ನಿಜಾಮನ ಕಾಲದಲ್ಲಿ ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ಹೇರಿದಾಗ ಮನೆಯಲ್ಲಿ ಕನ್ನಡ ಉಳಿಸಿಕೊಂಡ ಜನ ಅವರು. 1948ರ ಸೆಪ್ಟೆಂಬರ್ 17ರವರೆಗೆ ಅವರಿಗೆ ಸ್ವಾತಂತ್ರ್ಯವೇ ಸಿಕ್ಕಿರಲಿಲ್ಲ. ನಮಗೆ ಕನ್ನಡವೆಂದರೆ ಅಂಗಡಿಯ ಫಲಕ. ಅವರಿಗೆ ಕನ್ನಡವೆಂದರೆ ಮಗನಿಗೊಬ್ಬ ಮೇಷ್ಟ್ರು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ಇದ್ದರೆ ಯಾದಗಿರಿ ಜಿಲ್ಲೆಯದು ಶೇ. 52, ರಾಜ್ಯಕ್ಕೇ ಕೊನೆ. 2024ರ ಎಸ್ಸೆಸ್ಸೆಲ್ಸಿಯಲ್ಲೂ ಶೇ. 50.59ರೊಂದಿಗೆ ಅದೇ ಜಿಲ್ಲೆ ಕೊನೆ. ಕನ್ನಡ ಮಾಧ್ಯಮದ ಮಕ್ಕಳು ಹೀಗೆ ಅರ್ಧಕ್ಕರ್ಧ ಸೋಲುತ್ತಿದ್ದರೆ ಅದು ಭಾಷೆಯ ಪ್ರಶ್ನೆಯಲ್ಲದೆ ಇನ್ನೇನು? ಇದಕ್ಕಾಗಿ ಬೆಂಗಳೂರು ಬಂದ್ ಆದದ್ದು ನನಗಂತೂ ನೆನಪಿಲ್ಲ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದರು. ನೀರು ಹರಿದ ಕಡೆ ಭತ್ತ ಬಂತು, ಹರಿಯದ ಕಡೆ ಗುಳೇ ಹೋಗುವುದು ತಪ್ಪಲಿಲ್ಲ. ಸಂವಿಧಾನದ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2012ರ ಡಿಸೆಂಬರ್‌ನಲ್ಲಿ. 371(ಜೆ) ಮೀಸಲಾತಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರೂ ಬಂತು. ಮೀಸಲಾದ ಹುದ್ದೆ ಇದ್ದು ಅದಕ್ಕೆ ಬೇಕಾದ ಪಾಸು ಇಲ್ಲದಿದ್ದರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಬರುತ್ತಾನೆ. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಇರುವವರನ್ನು 'ಯಾವೂರು?' ಎಂದು ಕೇಳಿ ನೋಡಿ. ಯಾದಗಿರಿ, ಶಹಾಪುರ, ಸುರಪುರ ಎಂಬ ಉತ್ತರ ಎಷ್ಟೋ ಸಲ ಸಿಗುತ್ತದೆ. ಅಪ್ಪಟ ಕನ್ನಡಿಗರು. ನಮ್ಮ ಯಾವ ಸಂಘದ ಸದಸ್ಯತ್ವದ ಪುಸ್ತಕ ಆ ಶೆಡ್ಡಿನ ತನಕ ಹೋಗಿದೆ?

ಹೆಸರು ಉಳಿದ ಒಂದು ಜಾಗವಿದೆ. ಮೇಲುಕೋಟೆ. ಅಲ್ಲಿ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. 2018ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ಮಗ ದರ್ಶನ್ ಸೋತರು. ಆ ಸಲ ಪಕ್ಷ ಸ್ವರಾಜ್ ಇಂಡಿಯಾದಲ್ಲಿ ಕರಗಿತ್ತು, ಆದರೆ ಹೆಸರು ಮರಳಿ ಬಂತು. 2023ರಲ್ಲಿ ಕಾಂಗ್ರೆಸ್ ಬೆಂಬಲ ಕೊಟ್ಟಿತ್ತು ನಿಜ, ಆದರೂ ದರ್ಶನ್ ಗೆದ್ದದ್ದು ಸರ್ವೋದಯದ ಹೆಸರಲ್ಲೇ. ಏಕೆಂದರೆ ಪಕ್ಷದ ಕೆಳಗೆ ರೈತ ಸಂಘವಿತ್ತು, ಹಳ್ಳಿ ಹಳ್ಳಿಯಲ್ಲಿ ಹಸಿರು ಶಾಲಿತ್ತು, ಕಬ್ಬಿನ ಬಾಕಿಗೆ ರಸ್ತೆಗಿಳಿಯುವ ಜನರಿದ್ದರು. ಸುರಪುರದಲ್ಲಿ ಕನ್ನಡ ನಾಡು ಪಕ್ಷದ ಕೆಳಗೆ ಏನಿತ್ತು? ಒಬ್ಬ ಅಭ್ಯರ್ಥಿ.

ಸದನದಲ್ಲಿ ನಮ್ಮವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈನಲ್ಲಿ ನೋಡಿದೆವು. ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದರಿದರು, ಎರಡೇ ದಿನದಲ್ಲಿ ಅದು ಕಪಾಟು ಸೇರಿತು. ಸರೋಜಿನಿ ಮಹಿಷಿಯವರು 1986ರಲ್ಲಿ ಕೊಟ್ಟ ವರದಿಯೂ ಅದೇ ಕಪಾಟಿನಲ್ಲಿದೆ. ಕನ್ನಡದ ಹೆಸರಲ್ಲಿ ಗೆದ್ದ ಹತ್ತು ಮಂದಿ ಒಳಗಿದ್ದಿದ್ದರೆ ಹೀಗಾಗುತ್ತಿತ್ತೇ?

ಆ ಹತ್ತು ಮಂದಿ ಮುನಿಸಿಕೊಂಡ ದೊಡ್ಡ ನಾಯಕರ ಹಿಂದೆ ಬರುವುದಿಲ್ಲ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಂದ ಮೇಲೆ ಬರಬೇಕು. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಚುನಾವಣೆ ನಡೆಸದೆ ಸರ್ಕಾರಗಳು ವರ್ಷಗಟ್ಟಲೆ ದೂಡಿದವು. ಹಿಂದಿ ಫಲಕ ಕಂಡರೆ ಮಸಿ ಡಬ್ಬಿ ಹಿಡಿದು ಓಡುವ ನಾವು ಅದರ ಬಗ್ಗೆ ಎಷ್ಟು ಮನವಿ ಬರೆದೆವು, ಎಷ್ಟು ಸಲ ಬೀದಿಗಿಳಿದೆವು, ಲೆಕ್ಕ ಹಾಕಿ ಹೇಳಿ.