ಬೆಂಕಿ ಬೆಸೆದ ಬಣ್ಣ

ಈಜಿಪ್ಟ್ ದೇಶದ ಫಯೂಮ್ ಪ್ರಾಂತದಲ್ಲಿ, ಕ್ರಿಸ್ತಶಕ 1ರಿಂದ 3ನೆಯ ಶತಮಾನದವರೆಗೆ, ವ್ಯಕ್ತಿಯ ಮುಖಚಿತ್ರವನ್ನು ತೆಳುವಾದ ಹಲಗೆಯ ಮೇಲೆ ಬರೆದು, ಮರಣಾನಂತರ ಶವದ ಮುಖದ ಮೇಲಿರಿಸಿ ಬಟ್ಟೆ ಸುತ್ತುವ ಪದ್ಧತಿಯಿದ್ದಿತು. ಅವುಗಳಲ್ಲಿ ಅನೇಕ ಚಿತ್ರಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಜೀವಂತ ಕಣ್ಣುಗಳಿಂದ ನೋಡುತ್ತಿವೆ. ಅಂಥ ಎಷ್ಟೋ ಹಲಗೆಗಳಲ್ಲಿ ಬಣ್ಣವನ್ನು ಹಿಡಿದಿಟ್ಟಿರುವುದು ಜೇನುಮೇಣ. ಈ ವಿಧಾನಕ್ಕೆ ‘ಎನ್‌ಕಾಸ್ಟಿಕ್’ ಎಂದು ಹೆಸರು. ‘ಸುಟ್ಟು ಬೆಸೆದದ್ದು’ ಎಂಬುದು ಆ ಗ್ರೀಕ್ ಪದದ ಭಾವ. ಬಹುಕಾಲ ಮರೆಗೆ ಸರಿದಿದ್ದ ಈ ವಿದ್ಯೆಯು, ಅಮೆರಿಕದ ಜಾಸ್ಪರ್ ಜಾನ್ಸ್ 1954-55ರಲ್ಲಿ ರಚಿಸಿದ ಧ್ವಜದ ಚಿತ್ರದಿಂದ ಮತ್ತೆ ಕಲಾವಿದರ ಗಮನ ಸೆಳೆಯಿತು.

ಈ ಮಾಧ್ಯಮವನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ಬೇಕಾದ ಪದಾರ್ಥಗಳು ಎರಡೇ: ಶುದ್ಧ ಜೇನುಮೇಣ ಮತ್ತು ಡಮಾರ್ ರಾಳ. ಹೆಸರು ಕೇಳಿ ರಸ್ತೆಗೆ ಹಾಕುವ ಡಾಂಬರೆಂದು ಭ್ರಮಿಸಬಾರದು. ಇದು ಆಗ್ನೇಯ ಏಷ್ಯದ ಮರಗಳಿಂದ ಒಸರುವ ತಿಳಿಹಳದಿಯ ಅಂಟು. ಪಶ್ಚಿಮಘಟ್ಟದ ಧೂಪದ ಮರವೂ ಅದೇ ಕುಲಕ್ಕೆ ಸೇರಿದುದು. ಬರಿಯ ಮೇಣ ಮೆದು, ಅದರ ಮೇಲೆ ಬೇಗ ಮಬ್ಬು ಕವಿಯುತ್ತದೆ. ರಾಳವು ಅದಕ್ಕೆ ಗಡಸನ್ನೂ ಹೊಳಪನ್ನೂ ಕೊಡುತ್ತದೆ. ಅತಿಯಾದರೆ ಬಿರುಕಿಗೆ ದಾರಿಯಾಗುತ್ತದೆ. ತೂಕದಲ್ಲಿ 8 ಪಾಲು ಮೇಣಕ್ಕೆ 1 ಪಾಲು ರಾಳ, ಅಂದರೆ 400 ಗ್ರಾಮಿಗೆ 50 ಗ್ರಾಮ್, ಪ್ರಾರಂಭಿಸುವವರಿಗೆ ಹಿತವಾದ ಪ್ರಮಾಣ.

ಆದರೆ ಇಲ್ಲಿ ನಿಜವಾದ ಪರೀಕ್ಷೆ ಪದಾರ್ಥದ್ದಲ್ಲ, ಶಾಖದ್ದು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ರಾಳ 100 ಡಿಗ್ರಿ ದಾಟುವವರೆಗೆ ಸುಲಭವಾಗಿ ಮಣಿಯದು. ಆದುದರಿಂದ, ಶಾಖವನ್ನು ಹಿಡಿತದಲ್ಲಿಡಬಲ್ಲ ವಿದ್ಯುತ್ ಒಲೆಯ ಮೇಲೆ ಮೇಣವನ್ನು ಮೊದಲು ಕರಗಿಸಿ, ಬಟ್ಟೆಯಲ್ಲಿ ಕಟ್ಟಿ ಕುಟ್ಟಿದ ರಾಳವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, 110 ಡಿಗ್ರಿಯ ಆಸುಪಾಸಿನಲ್ಲಿ ತಾಳ್ಮೆಯಿಂದ ಕಲಕಬೇಕು. ಉಷ್ಣಮಾಪಕ ಅವಶ್ಯ. ಹೊಗೆಯೆದ್ದರೆ ಮಿತಿ ಮೀರಿತೆಂದೇ ಅರ್ಥ. ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು. ರಾಳ ಕರಗಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿದರೆ ತೊಗಟೆಯ ಚೂರುಗಳು ಉಳಿಯುತ್ತವೆ. ತಿಳಿಯನ್ನು ಅಚ್ಚಿಗೆ ಹೊಯ್ದು ಆರಲು ಬಿಟ್ಟರೆ ಮಾಧ್ಯಮದ ಬಿಲ್ಲೆ ಸಿದ್ಧ.

ಮಕ್ಕಳಿರುವ ಮನೆಯಲ್ಲಿ ಎಚ್ಚರಿಕೆ ಇಮ್ಮಡಿಯಾಗಬೇಕು. ಬೆಂಕಿಯ ಜ್ವಾಲೆ ಬೇಡ, ಕಿಟಕಿಗಳು ತೆರೆದಿರಲಿ, ಒಲೆಯನ್ನು ಬಿಟ್ಟು ಕದಲಬಾರದು. ಒಮ್ಮೆ ಬಳಸಿದ ಪಾತ್ರೆ ಮರಳಿ ಅಡುಗೆಮನೆಗೆ ಹೋಗಕೂಡದು. ಮೇಣಕ್ಕೆ ಬೆಂಕಿ ಹತ್ತಿದಲ್ಲಿ ನೀರು ಸುರಿಯುವುದು ಅನಾಹುತವನ್ನು ಕರೆದಂತೆ. ಮುಚ್ಚಳ ಮುಚ್ಚಿ ಒಲೆಯನ್ನು ಆರಿಸಬೇಕು.

ಚಿತ್ರ ಬರೆಯುವಾಗ ಬಿಲ್ಲೆಯನ್ನು ಕರಗಿಸಿ, ಬಣ್ಣ ಬೆರೆಸಿ, 90 ಡಿಗ್ರಿ ಮೀರದಂತೆ ಇಟ್ಟುಕೊಂಡರೆ ಸಾಕು. ಬಣ್ಣದ ಪುಡಿ ಉಸಿರಿಗೆ ಸೇರದಂತೆ ಮುಖಕ್ಕೆ ಮುಸುಕು ಅಗತ್ಯ. ನೈಲಾನ್ ಕುಂಚ ಶಾಖಕ್ಕೆ ಕೆಡುವುದರಿಂದ ಪ್ರಾಣಿಯ ಕೂದಲಿನದೇ ಆಗಬೇಕು. ಬಟ್ಟೆ ಬಾಗಿದಂತೆ ಮೇಣ ಬಾಗದು. ಹೀರುವ ಗುಣವುಳ್ಳ ಮರದ ಹಲಗೆಯೇ ಅದಕ್ಕೆ ಯೋಗ್ಯ ಆಸರೆ. ಪ್ರತಿ ಲೇಪವನ್ನೂ ಬಿಸಿಗಾಳಿಯಿಂದ ಕೆಳಗಿನ ಲೇಪದೊಡನೆ ಬೆಸೆಯಬೇಕು. ಅವಸರದಲ್ಲಿ ಈ ಒಂದು ಕೆಲಸವನ್ನು ಬಿಟ್ಟವರ ಚಿತ್ರ, ಎಷ್ಟೇ ಸುಂದರವಾಗಿರಲಿ, ಒಂದು ದಿನ ಪದರಪದರವಾಗಿ ಕಳಚಿಬೀಳುತ್ತದೆ.