ಆ ಹತ್ತು ಸೆಕೆಂಡ್ ಯಾರದು ಸ್ವಾಮಿ?

ಬರೀದೆ ತುಂಬಾ ದಿನ ಆಗಿತ್ತು. ಮೊನ್ನೆ ಒಂದು ಫೋನ್ ಬಂತು, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇವತ್ತು ಕೂತಿದ್ದೀನಿ.

ಹೊರಮಾವಿನಲ್ಲಿ ನಮ್ಮದೊಂದು ಬಾಡಿಗೆ ಶೆಡ್ಡು. ಎರಡು ಇಂಜೆಕ್ಷನ್ ಮೋಲ್ಡಿಂಗ್ ಮಷೀನು, ಆರು ಜನ. ಮಾಡೋದು ಜಾಬ್ ವರ್ಕ್. ಅಂದ್ರೆ ಡೈ ಪಾರ್ಟಿಯದು, ಮೆಟೀರಿಯಲ್ ಪಾರ್ಟಿಯದು. ಮಷೀನು, ಕರೆಂಟು, ಬೆವರು ನಮ್ಮದು. ಪೀಸಿಗೆ ಇಷ್ಟು ಅಂತ ದುಡ್ಡು.

ಫೋನ್ ಮಾಡಿದ್ದು ಒಂದು ಕಂಪನಿಯ ಪರ್ಚೇಸ್‌ನವರು. ಹೆಸರು ಬೇಡ ಬಿಡಿ. ಅವರದೊಂದು ಆಳವಾದ ಮುಚ್ಚಳ ನಮ್ಮಲ್ಲಿ ಓಡ್ತಿದೆ. 40 ಸೆಕೆಂಡಿಗೆ ಒಂದು ಶಾಟ್. ಅದರಲ್ಲಿ 26 ಸೆಕೆಂಡ್ ಬರೀ ಪ್ಲಾಸ್ಟಿಕ್ ತಣ್ಣಗಾಗಲಿ ಅಂತ ಕಾಯೋದು! ಅವಸರ ಮಾಡಿ ತೆಗೆದ್ರೆ ಮುಚ್ಚಳ ಸೊಟ್ಟಗಾಗುತ್ತೆ, ಡಬ್ಬಿ ಮೇಲೆ ಕೂರಲ್ಲ. ಒಂದ್ಸಲ ಹಾಗೇ ಆಗಿ ನಾಲ್ಕು ಸಾವಿರ ಪೀಸ್ ವಾಪಸ್ ಬಂತು, ಬಿಲ್ಲಲ್ಲಿ ಕಟ್. ಆ ತಿಂಗಳು ಹುಡುಗರಿಗೆ ಸಂಬಳ ಕೊಡೋಕೆ ಮನೆಯವಳ ಬಳೆ ಅಡ ಇಟ್ಟಿದ್ದೆ.

ಅದಕ್ಕೇ ಹೇಳ್ದೆ, "ಸಾರ್, ಕೋರ್ ಇನ್ಸರ್ಟ್ ಒಂದನ್ನ ಮೆಟಲ್ 3ಡಿ ಪ್ರಿಂಟಿಂಗ್‌ನಲ್ಲಿ ಮಾಡಿಸೋಣ. ಕಂಪ್ಯೂಟರ್‌ನಲ್ಲಿ ಸಿಮ್ಯುಲೇಷನ್ ಮಾಡಿಸಿ ನೋಡಿದ್ದೀನಿ, 30 ಸೆಕೆಂಡಿಗೆ ಇಳಿಯುತ್ತೆ."

ಅವರ ಉತ್ತರ: "ವೆರಿ ಗುಡ್, ಮಾಡ್ಸಿ. ಖರ್ಚು ನೀವು ಹಾಕ್ಕೊಳ್ಳಿ. ಸೈಕಲ್ ಟೈಮ್ ಇಳಿದ ಮೇಲೆ ಪೀಸ್ ರೇಟೂ ಇಳಿಸ್ಬೇಕಾಗುತ್ತೆ, ಆಯ್ತಾ?"

ಹೇಗಿದೆ ನೋಡಿ! ಖರ್ಚು ನಂದು, ಡೈ ಅವರದು, ಉಳಿತಾಯವೂ ಅವರದೇ.

ಈ ಲೈನಿನಲ್ಲಿ ಇಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಡೈ ಒಳಗೆ ನೀರು ಹರಿಯೋಕೆ ತೂತು ಕೊರೀತಾರೆ. ಡ್ರಿಲ್ ಬಿಟ್ ನೆಟ್ಟಗೇ ಹೋಗುತ್ತೆ, ಬಾಗೋದಿಲ್ಲ. ಮುಚ್ಚಳ ಮಾತ್ರ ಗುಂಡಗೆ, ಮೂಲೆ ಮೂಲೆಯಾಗಿ ಇರುತ್ತೆ. ಹಾಗಾಗಿ ನೀರು ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ. ಮುದ್ದೆ ಮೇಲೆ ಆರಿದ್ರೂ ಒಳಗೆ ಕೈ ಸುಡುತ್ತಲ್ಲ, ಹಾಗೆ ಕೋರಿನ ತುದಿ ಕಾದೇ ಇರುತ್ತೆ. ಬ್ಯಾಫಲ್ ಹಾಕಿ ನೀರನ್ನ ಮೇಲಕ್ಕೆ ಹತ್ತಿಸಿ ಇಳಿಸೋದುಂಟು. ಆದ್ರೆ ಎಲ್ಲಾ ಮೂಲೆಗೂ ತಲುಪಿಸೋಕಾಗಲ್ಲ.

ಪ್ರಿಂಟಿಂಗ್‌ನಲ್ಲಿ ಕೊರೆಯೋ ಮಾತೇ ಇಲ್ಲ. ಮಾರೇಜಿಂಗ್ ಸ್ಟೀಲ್ ಪುಡಿಯನ್ನ ಕೂದಲಿಗಿಂತ ತೆಳುವಾಗಿ ಹರಡಿ, ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟೋದು. ನೀರಿನ ದಾರಿ ಎಲ್ಲಿ ಬೇಕೋ ಅಲ್ಲಿ ಪುಡಿಯನ್ನ ಕರಗಿಸದೆ ಬಿಟ್ರೆ ಆಯ್ತು. ಮುಚ್ಚಳ ಬಾಗಿದ ಕಡೆ ದಾರಿಯೂ ಬಾಗುತ್ತೆ. ಇದಕ್ಕೆ ಕನ್‌ಫಾರ್ಮಲ್ ಕೂಲಿಂಗ್ ಅಂತಾರೆ. ಇದೇನು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎಂಐಟಿಯಲ್ಲಿ ಇಮ್ಯಾನ್ಯುಯೆಲ್ ಸ್ಯಾಕ್ಸ್ ಮತ್ತು ಸಂಗಡಿಗರು ಹೀಗೆ ಮಾಡಿದ ಡೈಗಳ ಬಗ್ಗೆ 2000ದಲ್ಲೇ ಪ್ರಬಂಧ ಪ್ರಕಟಿಸಿದ್ರು. ನಮ್ಮ ಬೆಂಗಳೂರಲ್ಲೇ ವಿಪ್ರೋ 3ಡಿ ಇದೆ, ಇನ್‌ಟೆಕ್‌ನವರಂತೂ ಮೆಟಲ್ ಪ್ರಿಂಟರ್ ಅನ್ನೇ ಇಲ್ಲಿ ತಯಾರಿಸ್ತಾರೆ. ಕೇಂದ್ರದ ಐಟಿ ಇಲಾಖೆ 2022ರಲ್ಲಿ ಇದಕ್ಕೇ ಅಂತ ರಾಷ್ಟ್ರೀಯ ಕಾರ್ಯತಂತ್ರವನ್ನೂ ಹೊರಡಿಸಿತು. ಎಲ್ಲಾ ಇದೆ ಸ್ವಾಮಿ. ದುಡ್ಡು ಯಾರು ಕೊಡಬೇಕು ಅನ್ನೋದೊಂದು ಬಿಟ್ಟು.

ಈಗ ಲೆಕ್ಕ. ಮಾಮೂಲಿ ಇನ್ಸರ್ಟ್‌ಗಿಂತ ಎರಡೂವರೆ ಲಕ್ಷ ಜಾಸ್ತಿ ಅಂತ ನನಗೆ ಕೊಟೇಶನ್ ಬಂದಿದೆ. ಶಾಟಿಗೆ 10 ಸೆಕೆಂಡ್ ಉಳಿದ್ರೆ, ಎರಡು ಲಕ್ಷ ಶಾಟಿಗೆ 20 ಲಕ್ಷ ಸೆಕೆಂಡ್, ಅಂದ್ರೆ ಸುಮಾರು 555 ಗಂಟೆ. ನನ್ನ ಮಷೀನಿನ ಗಂಟೆ ರೇಟು 450 ರೂಪಾಯಿ. ಗುಣಿಸಿ ನೋಡಿ, ಎರಡೂವರೆ ಲಕ್ಷ ಅಲ್ಲಿಗೇ ಬಂತು. ಆ ಮುಚ್ಚಳ ವರ್ಷಕ್ಕೆ ಮೂರು ಲಕ್ಷ ಶಾಟ್ ಓಡುತ್ತೆ. ವರ್ಷದೊಳಗೆ ದುಡ್ಡು ವಾಪಸ್! ಆದ್ರೆ ಪರ್ಚೇಸ್‌ನವರ ಶೀಟಿನಲ್ಲಿ ಡೈ ರೇಟಿಗೆ ಒಂದು ಕಾಲಂ ಇದೆ, ಪೀಸ್ ರೇಟಿಗೆ ಒಂದಿದೆ, ಸೆಕೆಂಡಿಗೆ ಕಾಲಮ್ಮೇ ಇಲ್ಲ. ಕಡಿಮೆ ಕೋಟ್ ಮಾಡಿದವನಿಗೆ ಡೈ ಮಾಡೋ ಆರ್ಡರ್. ಆ ಸೋವಿ ಡೈಯ ದಂಡವನ್ನ ವರ್ಷಗಟ್ಟಲೆ ಕಟ್ಟೋರು ನಾವು.

ಪ್ರಿಂಟಿಂಗ್ ಮಾರೋಕೆ ಬರೋ ಹುಡುಗರಿಗೂ ಒಂದು ಮಾತು. ಎಲ್ಲಾ ಡೈಗೂ ಇದು ಬೇಕು ಅಂತ ಕೊರೀಬೇಡಿ. ಮೂವತ್ತು ಸಾವಿರ ಶಾಟಿನ ಆರ್ಡರಿಗೆ ಇದು ಗಿಟ್ಟಲ್ಲ. ಚಪ್ಪಟೆ ಪೀಸಿಗೆ ನೆಟ್ಟಗಿನ ತೂತೇ ಸಾಕು. ಪೀಸಿನ ಗೋಡೆ ದಪ್ಪ ಎರಡು ಪಟ್ಟಾದ್ರೆ ತಣ್ಣಗಾಗೋ ಹೊತ್ತು ನಾಲ್ಕು ಪಟ್ಟಾಗುತ್ತೆ, ಅಲ್ಲಿ ಮೊದಲು ಡಿಸೈನ್ ತಿದ್ದಬೇಕು. ಇನ್ನು ಪ್ರಿಂಟ್ ಆಗಿ ಬಂದ ಇನ್ಸರ್ಟ್ ಹಾಗೇ ಕೂರಿಸೋಕೆ ಆಗಲ್ಲ. ಗಟ್ಟಿ ಮಾಡೋಕೆ ಸುಮಾರು 490 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು, ಮಷೀನಿಂಗ್, ಪಾಲಿಶ್ ಎಲ್ಲಾ ಆಗಬೇಕು. ಟೂಲ್ ರೂಮಿನ ಮೇಸ್ತ್ರಿ ಕೆಲಸ ಎಲ್ಲೂ ಹೋಗಲ್ಲ.

ನಮ್ಮವರ ತಪ್ಪೂ ಇದೆ, ಮುಚ್ಚಿಡಲ್ಲ. ನೀರು! ನಮ್ಮ ಶೆಡ್ಡಿಗೆ ಬರೋದು ಬೋರ್‌ವೆಲ್ ನೀರು, ಅದೂ ನಿಂತ್ರೆ ಟ್ಯಾಂಕರ್. ಗೀಸರ್ ಕಾಯಿಲ್ ಮೇಲೆ ಬಿಳೀ ಪದರ ಕಟ್ಟೋದನ್ನ ನೀವೂ ನೋಡಿರ್ತೀರಿ. ಅದೇ ಪದರ ಡೈ ಒಳಗೂ ಕಟ್ಟುತ್ತೆ, ಶಾಖ ದಾಟೋಕೇ ಬಿಡಲ್ಲ. ನೆಟ್ಟಗಿನ ತೂತಾದ್ರೆ ಡ್ರಿಲ್ ಹಾಕಿ ಕೆರೆಯಬಹುದು. ಸುತ್ತಿ ಬಳಸಿ ಹೋಗೋ ದಾರಿಗೆ ಏನು ಹಾಕ್ತೀರಿ? ಆಸಿಡ್ ಹರಿಸಿಯೇ ತೊಳೀಬೇಕು, ಅದೂ ಜೋಪಾನವಾಗಿ. ಮೆದು ನೀರು, ಫಿಲ್ಟರ್, ಮುಚ್ಚಿದ ಚಿಲ್ಲರ್ ಲೈನ್ ಇಲ್ಲದೆ ಎರಡೂವರೆ ಲಕ್ಷದ ಇನ್ಸರ್ಟ್ ಹಾಕಿದ್ರೆ ಆರು ತಿಂಗಳಲ್ಲಿ ಮತ್ತೆ ಅದೇ 40 ಸೆಕೆಂಡ್. ಇದಕ್ಕೆ ಆಗೋ ಖರ್ಚನ್ನ ನಾನು ಯಾರನ್ನೂ ಕೇಳಲ್ಲ. ಮಷೀನ್ ನಂದು, ನೀರೂ ನಂದು.

ಆದ್ರೆ ಇನ್ಸರ್ಟ್ ದುಡ್ಡು ಡೈ ಯಾರದೋ ಅವರು ಕೊಡಬೇಕು. ಇಲ್ಲಾ, ನಾನೇ ಹಾಕ್ತೀನಿ, ಅದು ತೀರೋ ತನಕ ರೇಟ್ ಮುಟ್ಟಬಾರದು, ತೀರಿದ ಮೇಲೆ ಉಳಿತಾಯ ಅರ್ಧರ್ಧ. ಇದನ್ನೇ ಒಂದು ಹಾಳೆಯಲ್ಲಿ ಬರೆದು ಅವರಿಗೆ ಮೇಲ್ ಹಾಕಿದ್ದೀನಿ. ನಮ್ಮ ಹುಡುಗ ಕೇಳ್ತಿದ್ದ, "ಅಣ್ಣಾ, ಡೈಯನ್ನೇ ಎತ್ಕೊಂಡು ಹೋದ್ರೆ?" ಅಂತ. ಎತ್ಕೊಂಡು ಹೋಗ್ಲಿ ಬಿಡೋ ಅಂದೆ, ಆದ್ರೆ ರಾತ್ರಿ ನಿದ್ದೆ ಬರಲಿಲ್ಲ. ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಫೋನ್ ಮಾಡ್ತೀನಿ.

ಜಾಬ್ ವರ್ಕ್ ಮಾಡೋರು ಯಾರಾದ್ರೂ ಓದ್ತಿದ್ರೆ ಹೇಳಿ, ನಿಮ್ಮ ಪಾರ್ಟಿ ಇದಕ್ಕೆ ದುಡ್ಡು ಕೊಟ್ಟಿದ್ದುಂಟಾ?