ಅಪ್ಪ ಹಕ್ಕಿ ಎಲ್ಲಿ ಹೋತು?

ಪ್ರತಿವರ್ಷ ಮೇ ತಿಂಗಳ ಎರಡನೇ ಭಾನುವಾರ ನಮ್ಮೆಲ್ಲರ ಮೊಬೈಲಿಗೆ ಒಂದು ಹಕ್ಕಿ ಬಂದು ಕೂರುತ್ತದೆ. ಬಾಲ್ಕನಿಯ ಕುಂಡದಲ್ಲಿ ಗೂಡು, ಗೂಡಿನಲ್ಲಿ ಬಾಯಿ ತೆರೆದ ಮೂರು ಮರಿ, ಅಂಚಿನಲ್ಲಿ ಕೊಕ್ಕಲ್ಲಿ ಹುಳ ಹಿಡಿದ ಬುಲ್‌ಬುಲ್. ಕೆಳಗೆ ‘ತಾಯಿಗಿಂತ ದೇವರಿಲ್ಲ’ ಅನ್ನೋ ಬರಹ. ಆಫೀಸಿನ ಗ್ರೂಪಿನಲ್ಲಿ ಎಚ್‌ಆರ್ ಹಾಕುತ್ತಾರೆ, ಮನೆ ಗ್ರೂಪಿನಲ್ಲಿ ಕಾಕಾ ಹಾಕುತ್ತಾರೆ. ಕೈ ಮುಗಿಯುವ ಇಮೋಜಿಗಳ ಮಳೆ.

ನನ್ನದು ಒಂದೇ ಪ್ರಶ್ನೆ. ಅದು ತಾಯಿ ಅಂತ ನಿಮಗೆ ಹೇಳಿದ್ಯಾರು?

ಬುಲ್‌ಬುಲ್‌ನಲ್ಲಿ, ಅಂದರೆ ಪುಸ್ತಕದ ಕನ್ನಡದ ಪಿಕಳಾರದಲ್ಲಿ, ಗಂಡು ಹೆಣ್ಣು ನೋಡೋಕೆ ಒಂದೇ ಥರ. ಅದೇ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಅದೇ ಕೆಂಪು. ಫೋಟೋ ನೋಡಿ ಹೇಳೋಕಾಗಲ್ಲ. ಮರಿಗೆ ಹುಳ ತರೋದು ಅಪ್ಪ ಅವ್ವ ಇಬ್ಬರೂ. ಹಾಗಾಗಿ ಆ ಫೋಟೋದಲ್ಲಿರೋದು ಅಪ್ಪ ಆಗಿರುವ ಸಾಧ್ಯತೆ ಸಣ್ಣದಲ್ಲ. ‘ತಾಯಿ’ ಅನ್ನೋ ಪದ ಹಕ್ಕಿಯ ಮೈಮೇಲೆ ಇರಲಿಲ್ಲ, ನಮ್ಮ ತಲೆಯಲ್ಲಿತ್ತು. ಉಣ್ಣಿಸೋರು ಕಂಡ್ರೆ ಅದು ಹೆಣ್ಣೇ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ನನ್ನ ಸೀಮೆಯ ಹಕ್ಕಿಗಳನ್ನೇ ತಗೊಳ್ರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಹಳೇ ಮನೆಗಳ ಜಂತಿಯಲ್ಲಿ ಗೂಡು ಕಟ್ಟೋ ಗುಬ್ಬಿಯಲ್ಲಿ ಗಂಡು ಹೆಣ್ಣು ಗುರುತಿಸೋದು ಸುಲಭ. ಕೊರಳ ಕೆಳಗೆ ಕಪ್ಪು ಪಟ್ಟಿ ಇದ್ದರೆ ಗಂಡು. ಒಂದು ತಾಸು ಕೂತು ನೋಡ್ರಿ, ಕಪ್ಪು ಪಟ್ಟಿಯೂ ಹುಳ ಹೊತ್ತು ಬರುತ್ತದೆ. ದಾಸವಾಳದ ಗಿಡಕ್ಕೆ ಬರೋ ಸೂರಕ್ಕಿಯಲ್ಲಿ ಗೂಡು ಹೆಣೆದು ಕಾವು ಕೊಡೋದು ಹೆಣ್ಣೊಂದೇ. ಆದರೆ ಮರಿ ಹೊರಬಂದ ಮೇಲೆ ಮಿರಿಮಿರಿ ನೇರಳೆ ಬಣ್ಣದ ಗಂಡೂ ಉಣ್ಣಿಸೋಕೆ ಬರುತ್ತದೆ. ಎಲೆ ಹೊಲಿದು ಗೂಡು ಮಾಡೋ ಸಿಂಪಿಗನದೂ ಇದೇ ಕತೆ, ಉಣ್ಣಿಸೋದು ಇಬ್ಬರೂ. ಜಾಲಿಗಿಡದ ಕೆಳಗೆ ಗುಂಪು ಕಟ್ಟಿ ಜಗಳಾಡೋ ಹರಟೆಮಲ್ಲಗಳಲ್ಲಂತೂ ಅಪ್ಪ ಅವ್ವನ ಜೊತೆ ಗುಂಪಿನ ಉಳಿದವರೂ ಮರಿಗಳಿಗೆ ತುತ್ತು ತರುತ್ತಾರೆ. ಕೂಡುಕುಟುಂಬ ಅಂದ್ರೆ ಅದು!

ಕಾವು ಕೊಡೋದರಲ್ಲಿ ವ್ಯತ್ಯಾಸ ಇದೆ, ಅದನ್ನು ಮುಚ್ಚಿಡೋದು ಬೇಡ. ಕಾವಿಗೆ ಬೇಕಾದ, ಪುಕ್ಕ ಉದುರಿ ಬಿಸಿಯಾಗಿರೋ ಹೊಟ್ಟೆಯ ಚರ್ಮ ಬಹಳಷ್ಟು ಹಾಡುಹಕ್ಕಿಗಳಲ್ಲಿ ಹೆಣ್ಣಿಗೆ ಮಾತ್ರ ಇರುತ್ತದೆ. ಅದು ದೇಹ ಹಂಚಿದ ಕೆಲಸ. ಆದರೆ ಮೊಟ್ಟೆ ಒಡೆದ ಮೇಲೆ ಬೇಕಾಗಿರೋದು ರೆಕ್ಕೆ ಮತ್ತು ಕೊಕ್ಕು. ಅವೆರಡೂ ಗಂಡಿಗೂ ಇವೆ.

‘ಮನುಷ್ಯರಿಗೆ ಹಾಲಿದೆಯಲ್ರೀ’ ಅಂತೀರಿ. ಇದೆ. ಬರೀ ಎದೆಹಾಲು ಸಾಕಾಗೋದು ಮೊದಲ ಆರು ತಿಂಗಳು. ಆಮೇಲಿನ ಗಂಜಿ ಕಾಸೋಕೆ, ಹಾಲಲ್ಲಿ ನೆನೆಸಿದ ರೊಟ್ಟಿ ಕಿವುಚೋಕೆ, ರಾತ್ರಿ ಎರಡಕ್ಕೆ ಎದ್ದು ಎತ್ತಿಕೊಳ್ಳೋಕೆ, ಲಸಿಕೆಗೆ ಕರೆದೊಯ್ಯೋಕೆ ಯಾವ ಹಾಲು ಬೇಕು? ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನ ಎಸಿ ಮೇಲೆ ಕೂತಿರೋ ಪಾರಿವಾಳ ಹಾಡುಹಕ್ಕಿ ಅಲ್ಲ ನಿಜ, ಆದರೆ ಅದರಲ್ಲಿ ಗಂಡು ಕೂಡ ಗಂಟಲಿನ ಚೀಲದಲ್ಲಿ ಹಾಲಿನಂಥದ್ದನ್ನು ಮಾಡಿ ಮರಿಗೆ ಉಣ್ಣಿಸುತ್ತದೆ. ‘ಪ್ರಕೃತಿ ನಿಯಮ’ ಅನ್ನೋ ಮೊದಲು ಕಿಟಕಿ ತೆಗೆದು ನೋಡಿ ಸ್ವಾಮಿ.

ಇಷ್ಟು ಓದಿ, ಹಕ್ಕಿಯನ್ನ ನೋಡಿ ಕಲೀರಿ ಅಂತ ಹೇಳೋಕೆ ಹೊರಟಿದ್ದೇನೆ ಅಂದುಕೊಂಡ್ರಾ? ಇಲ್ಲ. ನಮ್ಮ ಗೀಜಗನನ್ನೇ ನೋಡಿ. ಗಂಡು ಅರ್ಧ ಗೂಡು ಹೆಣೆಯುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪುತ್ತದೆ, ಗೂಡು ಮುಗಿಯುತ್ತದೆ. ಆಮೇಲೆ ಈ ಮಹಾಶಯ ಇನ್ನೊಂದು ಗೂಡು ಶುರು ಮಾಡಿ ಇನ್ನೊಬ್ಬಳನ್ನು ಕರೆಯುತ್ತಾನೆ. ಕಾವು ಹೆಣ್ಣಿನದೇ, ಉಣ್ಣಿಸೋ ಕೆಲಸವೂ ಹೆಚ್ಚುಕಮ್ಮಿ ಅವಳದೇ. ಸಲೀಂ ಅಲಿ ಇದನ್ನು 1930ರಲ್ಲೇ ಮಹಾರಾಷ್ಟ್ರದ ಕಿಹಿಮ್‌ನಲ್ಲಿ ದಿನಗಟ್ಟಲೆ ಕೂತು ನೋಡಿದ್ದರು. ಇಂಗ್ಲೆಂಡಿನಲ್ಲಿ ಇದಕ್ಕಿಂತ ಮಜಾ ಆಗಿದೆ. 19ನೇ ಶತಮಾನದಲ್ಲಿ ಎಫ್. ಓ. ಮಾರಿಸ್ ಅನ್ನೋ ಪಾದ್ರಿ, ಡನ್ನಕ್ ಎಂಬ ಸಾದಾ ಕಂದು ಹಕ್ಕಿಯ ಸರಳ ಜೀವನವನ್ನು ಮಾದರಿ ಮಾಡಿಕೊಳ್ಳಿ ಅಂತ ಜನರಿಗೆ ಹೇಳಿದರು. ನೂರು ವರ್ಷದ ಮೇಲೆ ಕೇಂಬ್ರಿಜ್‌ನ ನಿಕ್ ಡೇವಿಸ್ ನೋಡಿದರೆ, ಅದರಲ್ಲಿ ಒಂದು ಹೆಣ್ಣಿಗೆ ಎರಡು ಗಂಡು, ಒಂದು ಗಂಡಿಗೆ ಎರಡು ಹೆಣ್ಣು, ಎಲ್ಲಾ ಲೆಕ್ಕವೂ ಇತ್ತು! ಹಕ್ಕಿಯಿಂದ ನೀತಿಪಾಠ ಹೇಳೋರಿಗೆ ಹಕ್ಕಿಗಳು ಹೀಗೇ ಕೈ ಕೊಡುತ್ತವೆ.

ಹಕ್ಕಿಯಿಂದ ತಗೋಬೇಕಾದ್ದು ನೀತಿ ಅಲ್ಲ, ಲೆಕ್ಕ. ಹಕ್ಕಿ ವಿಜ್ಞಾನಿಗಳು ಹಲವು ಜಾತಿಗಳಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಜೋಡಿಯಲ್ಲಿ ಒಂದನ್ನು ದೂರ ಮಾಡೋದು, ಇಲ್ಲಾ ಅದರ ಕೆಲಸಕ್ಕೆ ಅಡ್ಡಿ ಮಾಡೋದು. ಉಳಿದದ್ದು ಏನು ಮಾಡುತ್ತದೆ? ಮೊದಲಿಗಿಂತ ಜಾಸ್ತಿ ದುಡಿಯುತ್ತದೆ. ಆದರೆ ಸಾಮಾನ್ಯವಾಗಿ ಇನ್ನೊಂದರ ಪಾಲನ್ನು ಪೂರ್ತಿ ತುಂಬೋಕೆ ಆಗಲ್ಲ. ತುಂಬೋಕೆ ಹೋದರೆ ತನ್ನ ಮೈ ಸವೆಯುತ್ತದೆ, ತುಂಬದಿದ್ದರೆ ಮರಿ ಸೊರಗುತ್ತದೆ. ಒಬ್ಬರು ಹೊರಬೇಕಾದ ಭಾರಕ್ಕೆ ‘ತ್ಯಾಗ’ ಅಂತ ಹೆಸರಿಟ್ಟರೆ ಭಾರ ಇಳಿಯಲ್ಲ.

ಈಗ ನಮ್ಮ ಲೆಕ್ಕ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ, ಕೈ ಹಾಕಿದ ಗಂಡಸರು 97 ನಿಮಿಷ. ಅದೂ ಕೈ ಹಾಕಿದ ಗಂಡಸರೇ ನೂರಕ್ಕೆ ಸುಮಾರು 26. ಕಾನೂನು ನೋಡಿ. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಒಳ್ಳೇದು. ಕೇಂದ್ರ ಸರ್ಕಾರಿ ನೌಕರಿಯಲ್ಲಿರೋ ಅಪ್ಪನಿಗೆ 15 ದಿನ. ಖಾಸಗಿ ಕಂಪನಿಯ ಅಪ್ಪನಿಗೆ ಇಂತಿಷ್ಟು ರಜೆ ಕೊಡಲೇಬೇಕು ಅಂತ ಕಾನೂನೇ ಇಲ್ಲ. ಗುಬ್ಬಿಮರಿ ಗೂಡಲ್ಲಿರೋದು ಸುಮಾರು ಎರಡು ವಾರ. ಹದಿನೈದು ದಿನ ಗುಬ್ಬಿಗೆ ಸಾಕು. ಮನುಷ್ಯನ ಕೂಸಿಗೆ?

ಇದರ ಏಟು ಎಲ್ಲಿ ಬೀಳುತ್ತದೆ ಅಂತ ನಿಮಗೆ ಗೊತ್ತು. ಒಬ್ಬಳಿಗೆ 26 ವಾರ, ಒಬ್ಬನಿಗೆ ಸೊನ್ನೆ ಅಂದಾಗ, ಇಂಟರ್‌ವ್ಯೂನಲ್ಲಿ ‘ಮದುವೆ ಆಗಿದೆಯಾ?’ ಅನ್ನೋ ಪ್ರಶ್ನೆ ಅವಳಿಗೆ ಮಾತ್ರ ಬರುತ್ತದೆ. ರಜೆ ಮುಗಿಸಿ ಬಂದವಳ ಪ್ರಾಜೆಕ್ಟ್ ಬೇರೆಯವರ ಕೈಲಿರುತ್ತದೆ. ಅಪ್ಪನಾದವನು ಮೂರನೇ ದಿನ ಲ್ಯಾಪ್‌ಟಾಪ್ ತೆರೆದು ಕೂತರೆ ‘ಡೆಡಿಕೇಶನ್’ ಅಂತೀವಿ.

ಇದು ಬೆಂಗಳೂರಿನ ಟೆಕ್ ಪಾರ್ಕಿನ ರೋಗ ಮಾತ್ರ ಅಲ್ಲ. ಇಳಕಲ್ಲಿನಲ್ಲಿ ಮಗ್ಗದ ಮೇಲೆ ಕೂತವನು ನೇಕಾರ. ಪಕ್ಕದಲ್ಲಿ ಕಂಡಿಕಿ ಸುತ್ತಿಕೊಂಡು, ಒಲೆ ನೋಡಿಕೊಂಡು, ಕೂಸು ತೂಗುವವಳು ‘ಮನೆಯಾಕಿ’. ಸೀರೆಗೆ ಇಬ್ಬರ ಕೈ ಬೇಕು, ಹೆಸರು ಒಬ್ಬರದು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಹೋದವು, ನವನಗರ ಎದ್ದಿತು. ಮನೆ ಬದಲಾದರೂ ಅಡುಗೆಮನೆಗೆ ಹೋಗೋರು ಬದಲಾಗಲಿಲ್ಲ.

ಹಾಗಾದರೆ ಏನು ಮಾಡೋದು? ಒಂದು, ಅಪ್ಪನ ರಜೆ ಕಾನೂನಾಗಲಿ. ವಾರಗಟ್ಟಲೆ ಇರಲಿ, ಸಂಬಳ ಸಹಿತ ಇರಲಿ, ಬಾಸ್‌ನ ದಯೆ ಮೇಲೆ ನಿಂತಿರದಿರಲಿ. ಎರಡು, ಇರೋ ರಜೆಯನ್ನು ಗಂಡಸರು ತಗೊಳ್ಳಿ, ಅದರಲ್ಲಿ ಕ್ರಿಕೆಟ್ ನೋಡಬೇಡಿ. ಮೂರು, ‘ಹೆಂಡ್ತಿಗೆ ಹೆಲ್ಪ್ ಮಾಡ್ತೀನಿ’ ಅನ್ನೋ ಮಾತು ಬಿಡಿ. ನಿಮ್ಮದೇ ಕೂಸಿಗೆ ತುತ್ತು ಕೊಡೋದು ಯಾರಿಗೂ ಮಾಡೋ ಉಪಕಾರ ಅಲ್ಲ.

ಮರಿಗೆ ತುತ್ತು ಯಾರ ಕೊಕ್ಕಿನಿಂದ ಬಂತು ಅನ್ನೋದು ಮುಖ್ಯ ಅಲ್ಲ, ಹೊತ್ತಿಗೆ ಬಂತಾ ಅನ್ನೋದು ಮುಖ್ಯ. ದೇವರು ಅಂತ ಕೈ ಮುಗಿದ್ರೆ ಅವ್ವನ ಕೆಲಸ ಒಂದು ನಿಮಿಷವೂ ಕಮ್ಮಿ ಆಗಲ್ಲ. ಆ ಕೈಗಳನ್ನ ಬಿಡಿಸಿ, ಒಂದರಲ್ಲಿ ಬಟ್ಟಲು ಹಿಡಿರಿ, ಇನ್ನೊಂದರಲ್ಲಿ ಕೂಸು ಎತ್ತಿಕೊಳ್ರಿ.